ಎಂಬಿಎಗೆ ಎನ್‌ಬಿಎ ತಯಾರಿ: ಎಲ್ಲ ಸಿಒಗಳೂ 3ಕ್ಕೇ ಬಂದು ನಿಂತಿವೆ, ಹೀಗೇ ಬಿಡಬಹುದೇ?

ಹಾಳೆ_ಹೊರೆ (ಪ್ರಶ್ನೆ)

ನಮಸ್ಕಾರ. ವಿಟಿಯು ಸಂಯೋಜಿತ ಕಾಲೇಜು, ಎಂಬಿಎ, 60 ಸೀಟು. ಎನ್‌ಬಿಎ (ರಾಷ್ಟ್ರೀಯ ಮಾನ್ಯತಾ ಮಂಡಳಿ) ಮಾನ್ಯತೆಗೆ ಎಸ್‌ಎಆರ್, ಅಂದರೆ ಸ್ವಮೌಲ್ಯಮಾಪನ ವರದಿ, ಬರೆಯುವ ಕೆಲಸ ನಡೆದಿದೆ. ಸಿಒ (ಒಂದೊಂದು ವಿಷಯದಿಂದ ವಿದ್ಯಾರ್ಥಿ ಕಲಿಯಬೇಕಾದ್ದು) ಎಷ್ಟು ಈಡೇರಿದೆ ಎಂಬ ಅಟೈನ್‌ಮೆಂಟ್ ಲೆಕ್ಕ ಹಾಕಿದರೆ ಹೆಚ್ಚುಕಡಿಮೆ ಎಲ್ಲ ವಿಷಯಗಳ ಎಲ್ಲ ಸಿಒಗಳಿಗೂ ಗರಿಷ್ಠ ಹಂತವಾದ 3 ಬರುತ್ತಿದೆ. ನೋಡಲು ಚೆನ್ನಾಗಿದೆ, ಆದರೆ ಅನುಮಾನವೂ ಇದೆ. ಮೂರು ಪ್ರಶ್ನೆ:

ಈ ಲೆಕ್ಕ ತಜ್ಞರ ತಂಡದ ಮುಂದೆ ನಿಲ್ಲುತ್ತದೆಯೇ? ಸಿಲೆಬಸ್ ವಿಶ್ವವಿದ್ಯಾಲಯದ್ದು, ನಾವು ಒಂದು ಸಾಲನ್ನೂ ಬದಲಿಸುವಂತಿಲ್ಲ; ಪಠ್ಯಕ್ರಮದ ಅಂತರ ತುಂಬಿದ್ದೇವೆ ಎಂದು ಹೇಗೆ ತೋರಿಸುವುದು? ಇದು ಮುಗಿದ ಮೇಲೆ ಇದೇ ಕಡತಗಳನ್ನು ಇಟ್ಟುಕೊಂಡು ಬಿಸಿನೆಸ್ ಶಾಲೆಗಳಿಗೆ ಅಂತರರಾಷ್ಟ್ರೀಯ ಮಾನ್ಯತೆ ಕೊಡುವ ಎಎಸಿಎಸ್‌ಬಿಗೆ ಹೋಗೋಣ ಎಂದು ಆಡಳಿತ ಮಂಡಳಿಯ ಮಾತು. ಆಗುವ ಕೆಲಸವೇ?

ಲೆಕ್ಕದ_ಪಟ್ಟಿ

ಎಲ್ಲ ಕಡೆ 3 ಇದ್ದರೆ ತಜ್ಞರು ಮೊದಲು ಕೈ ಹಾಕುವುದೇ ಅಲ್ಲಿಗೆ. ಕೊರತೆಯೇ ಇಲ್ಲ ಎಂದಾದರೆ ‘ನಿರಂತರ ಸುಧಾರಣೆ’ ಮಾನದಂಡದಲ್ಲಿ ಬರೆಯಲು ನಿಮಗೇನೂ ಉಳಿಯುವುದಿಲ್ಲವಲ್ಲ.

ಒಂದು ಸಿಒ ತೆಗೆದುಕೊಂಡು ನೋಡೋಣ. ಫೈನಾನ್ಶಿಯಲ್ ಮ್ಯಾನೇಜ್‌ಮೆಂಟ್‌ನಲ್ಲಿ ಬಂಡವಾಳ ಹೂಡಿಕೆ ನಿರ್ಧಾರದ ಸಿಒ ಎಂದಿಟ್ಟುಕೊಳ್ಳಿ. ಇಂಟರ್ನಲ್ಸ್‌ನಲ್ಲಿ ಅದಕ್ಕೆ ಜೋಡಿಸಿದ ಪ್ರಶ್ನೆಗೆ 10 ಅಂಕ, ಗುರಿ 6. ಹಂತಗಳು ಬಹುಪಾಲು ಕಾಲೇಜುಗಳು ಇಟ್ಟುಕೊಳ್ಳುವಂತೆಯೇ ಇರಲಿ: ಗುರಿ ಮುಟ್ಟಿದವರು ಶೇ. 60 ಇದ್ದರೆ 1, ಶೇ. 70 ಇದ್ದರೆ 2, ಶೇ. 80 ಇದ್ದರೆ 3. 60 ಜನರಲ್ಲಿ 51 ಮಂದಿ 6 ದಾಟಿದರೆ ಶೇ. 85, ಅಂದರೆ ಹಂತ 3. ವಿಶ್ವವಿದ್ಯಾಲಯದ ಪರೀಕ್ಷೆಯಲ್ಲಿ ಪ್ರಶ್ನೆವಾರು ಅಂಕ ಕೈಗೆ ಸಿಗದ ಕಾರಣ ವಿಷಯದ ಒಟ್ಟು ಅಂಕವನ್ನೇ ಎಲ್ಲ ಸಿಒಗಳಿಗೂ ಹಿಡಿಯಬೇಕಾಗುತ್ತದೆ. ಅಲ್ಲಿ 38 ಮಂದಿ ಮಾತ್ರ ಗುರಿ ಮುಟ್ಟಿದ್ದರೆ ಶೇ. 63, ಹಂತ 1. ಎರಡಕ್ಕೂ ಅರ್ಧರ್ಧ ತೂಕ ಕೊಟ್ಟರೆ ನೇರ ಅಟೈನ್‌ಮೆಂಟ್ 2. ವಿಷಯ ಮುಗಿದಾಗ ವಿದ್ಯಾರ್ಥಿಗಳನ್ನು ಕೇಳುವ ಸಮೀಕ್ಷೆ 2.6 ತೋರಿಸಿದರೆ, 80:20ರ ಲೆಕ್ಕದಲ್ಲಿ 1.6 ಕೂಡಿಸು 0.52, ಒಟ್ಟು 2.12. ಇಡೀ ಎಂಬಿಎ ಮುಗಿಸಿದವರಲ್ಲಿ ಇರಬೇಕಾದ ಸಾಮರ್ಥ್ಯಗಳೇ ಪಿಒಗಳು; ಈ ಸಿಒಗೆ ಪಿಒ1ರ ಜೊತೆ ಮ್ಯಾಪಿಂಗ್ (3ಕ್ಕೆ ಎಷ್ಟು ನಂಟು ಎಂಬ ಅಂಕಿ) 2 ಇದ್ದರೆ ಪಿಒ1ಕ್ಕೆ ಅದರ ಪಾಲು 2.12 × 2 ÷ 3, ಅಂದರೆ 1.41.

ನಿಮ್ಮಲ್ಲಿ 3 ಎಲ್ಲಿಂದ ಬರುತ್ತಿದೆ ಎಂದು ಹುಡುಕಲು ಇಷ್ಟು ನೋಡಿ. ಪಾಸ್ ಅಂಕವನ್ನೇ ಗುರಿ ಅಂತ ಇಟ್ಟಿದ್ದೀರಾ? ಅಸೈನ್‌ಮೆಂಟಿಗೆ ಎಲ್ಲರಿಗೂ 10ಕ್ಕೆ 9 ಬಿದ್ದಿದೆಯೇ? ಬಿದ್ದಿದ್ದರೆ ಆ ಅಂಕ ಅಳತೆಗೋಲೇ ಅಲ್ಲ, ಅದನ್ನು ಸೇರಿಸಿದಷ್ಟೂ ಲೆಕ್ಕ ಉಬ್ಬುತ್ತದೆ. ಇಂಟರ್ನಲ್ಸ್‌ನಲ್ಲಿ ‘ವಿವರಿಸಿ’, ‘ಪಟ್ಟಿ ಮಾಡಿ’ ತರಹದ ಪ್ರಶ್ನೆಗಳೇ ಇದ್ದು ಸಿಒ ಹೇಳಿಕೆಯಲ್ಲಿ ಮಾತ್ರ ‘ವಿಶ್ಲೇಷಿಸುವುದು’ ಎಂದಿದೆಯೇ? ಪ್ರಶ್ನೆಪತ್ರಿಕೆ ಮತ್ತು ಸಿಒ ಪಟ್ಟಿ ಅಕ್ಕಪಕ್ಕ ಇಟ್ಟರೆ ಎರಡು ನಿಮಿಷದಲ್ಲಿ ಇದು ಬಯಲಾಗುತ್ತದೆ.

ಇದರ ತದ್ವಿರುದ್ಧ ತಪ್ಪೂ ಇದೆ. ಆಯ್ಕೆಯಿರುವ ಪ್ರಶ್ನೆಯನ್ನು 40 ಜನ ಮಾತ್ರ ಬರೆದು, 30 ಜನ ಗುರಿ ಮುಟ್ಟಿದರೆ ಅದು ಶೇ. 75, ಹಂತ 2. ಎಕ್ಸೆಲ್ ಶೀಟು ಖಾಲಿ ಕೋಶವನ್ನು ಸೊನ್ನೆಯೆಂದು ಎಣಿಸಿ 60ರಿಂದ ಭಾಗಿಸಿದರೆ ಶೇ. 50 ಆಗಿ ಯಾವ ಹಂತವೂ ಬರುವುದಿಲ್ಲ. ಬರೆಯದೆ ಬಿಟ್ಟವರನ್ನು ಖಾಲಿ ಬಿಡಿ, ಬರೆದು ಸೊನ್ನೆ ಪಡೆದವರಿಗೆ ಮಾತ್ರ ಸೊನ್ನೆ ಹಾಕಿ.

ಮ್ಯಾಪಿಂಗ್ ಬಗ್ಗೆ ಒಂದೇ ಮಾತು. ಎಂಬಿಎಗೆ ಎನ್‌ಬಿಎ ಕೊಟ್ಟಿರುವ ಪಿಒಗಳು ಐದೇ. ಐದಕ್ಕೂ ಎಲ್ಲ ವಿಷಯಗಳಿಂದ 3 ಕೊಟ್ಟು ಕೂತರೆ, ‘ಹಣದ ಕಾಲಮೌಲ್ಯ ಲೆಕ್ಕ ಹಾಕುವುದರಿಂದ ಮೌಲ್ಯಾಧಾರಿತ ನಾಯಕತ್ವ ಹೇಗೆ ಬೆಳೆಯಿತು’ ಎಂದು ಕೇಳಿದಾಗ ಪಾಠ ಮಾಡುವವರೇ ತಬ್ಬಿಬ್ಬಾಗುತ್ತಾರೆ. ಸಂಬಂಧವಿಲ್ಲದ ಕಡೆ ಅಂಕಿ ಹಾಕದೆ ಬರೀ ಗೆರೆ ಎಳೆದು ಬಿಡುವುದೇ ಒಳ್ಳೆಯದು.

ಮೀಟಿಂಗ್_ನಡಾವಳಿ

ಎರಡನೇ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಸಿಲೆಬಸ್ ನಿಮ್ಮದಲ್ಲ ಎಂಬುದು ತಜ್ಞರಿಗೂ ಗೊತ್ತು. ಅವರು ಕೇಳುವುದು, ಕೊರತೆಯನ್ನು ಹೇಗೆ ಗುರುತಿಸಿದಿರಿ, ಆಮೇಲೆ ಏನು ಮಾಡಿದಿರಿ ಎಂದು. ಉದಾಹರಣೆಗೆ, ದತ್ತಾಂಶ ಆಧರಿಸಿ ನಿರ್ಧಾರ ತೆಗೆದುಕೊಳ್ಳುವ ಪಿಒ2 ಕೆಳಗೆ ಬಿದ್ದಿದೆ ಎಂದಿಟ್ಟುಕೊಳ್ಳಿ. ಒಂದು ಗಂಟೆಯ ಗೆಸ್ಟ್ ಲೆಕ್ಚರ್, ಶಾಲು, ಹಾರ, ಗುಂಪು ಫೋಟೊ ಇವುಗಳಿಂದ ಆ ಅಂತರ ತುಂಬುವುದಿಲ್ಲ. ಟೈಮ್‌ಟೇಬಲ್‌ನಲ್ಲೇ ಜಾಗ ಕೊಟ್ಟು 30 ಗಂಟೆಯ ಸ್ಪ್ರೆಡ್‌ಶೀಟ್ ಅಭ್ಯಾಸ, ಹಾಜರಿ ಪುಸ್ತಕ, ಮೊದಲೊಂದು ಪರೀಕ್ಷೆ, ಕೊನೆಗೊಂದು ಪರೀಕ್ಷೆ ಇದ್ದರೆ ಅದು ಸಾಕ್ಷ್ಯ. ಜೊತೆಗೆ ಸಿಲೆಬಸ್‌ನ ಆ ಕೊರತೆಯ ಬಗ್ಗೆ ವಿಶ್ವವಿದ್ಯಾಲಯದ ಬಿಒಎಸ್‌ಗೆ (ಪಠ್ಯಕ್ರಮ ರೂಪಿಸುವ ಅಧ್ಯಯನ ಮಂಡಳಿಗೆ) ಪತ್ರ ಬರೆದು, ಸ್ವೀಕೃತಿಯ ಪ್ರತಿ ಇಟ್ಟುಕೊಳ್ಳಿ. ಉತ್ತರ ಬರದಿದ್ದರೂ ಆ ಪತ್ರಕ್ಕೆ ಬೆಲೆಯಿದೆ.

ನಡಾವಳಿ ಪುಸ್ತಕ ತೆರೆದು ‘ಸೂಕ್ತ ಕ್ರಮ ಕೈಗೊಳ್ಳಲು ತೀರ್ಮಾನಿಸಲಾಯಿತು’ ಎಂಬ ಸಾಲು ಎಷ್ಟು ಸಲ ಬಂದಿದೆ ಎಣಿಸಿ. ಯಾವ ಸಿಒ, ಎಷ್ಟು ಕಡಿಮೆ, ಏನು ಮಾಡಬೇಕು, ಯಾರು, ಯಾವ ತಾರೀಖಿನೊಳಗೆ, ಎಷ್ಟು ಖರ್ಚು, ಮುಂದಿನ ಬ್ಯಾಚಿನಲ್ಲಿ ಮತ್ತೆ ಅಳೆದಾಗ ಎಷ್ಟಾಯಿತು, ಇಷ್ಟೂ ಇಲ್ಲದಿದ್ದರೆ ಅದು ಸಭೆ ನಡೆದದ್ದಕ್ಕೆ ಸಾಕ್ಷಿಯೇ ಹೊರತು ಸುಧಾರಣೆಗಲ್ಲ.

ಗುಣಮಟ್ಟದ ನಾಯಕತ್ವದ ಪ್ರಶ್ನೆ ಬರುವುದೂ ಇಲ್ಲೇ. ವಾರಕ್ಕೆ 16 ಗಂಟೆ ಪಾಠವಿರುವ ಒಬ್ಬ ಅಸಿಸ್ಟೆಂಟ್ ಪ್ರೊಫೆಸರ್ ತಲೆಗೆ ‘ಎನ್‌ಬಿಎ ಕೋಆರ್ಡಿನೇಟರ್’ ಎಂಬ ಪಟ್ಟ ಕಟ್ಟುತ್ತಾರೆ. ಅವರಿಗೆ ಸಾವಿರ ರೂಪಾಯಿ ಮಂಜೂರು ಮಾಡುವ ಅಧಿಕಾರವಿಲ್ಲ, ಟೈಮ್‌ಟೇಬಲ್ ಬದಲಿಸುವ ಅಧಿಕಾರವೂ ಇಲ್ಲ. ಹಾಗಾಗಿ ಕೊರತೆ ಪತ್ತೆಯಾಗುತ್ತದೆ, ಪರಿಹಾರ ಆಗುವುದಿಲ್ಲ. ಇಡೀ ಸಂಸ್ಥೆಗೆ ಮಾನ್ಯತೆ ಕೊಡುವ ನ್ಯಾಕ್‌ನ ಐಕ್ಯೂಎಸಿಗೆ (ಕಾಲೇಜಿನ ಆಂತರಿಕ ಗುಣಮಟ್ಟ ಖಾತರಿ ಕೋಶಕ್ಕೆ) ಸಂಸ್ಥೆಯ ಮುಖ್ಯಸ್ಥರೇ ಅಧ್ಯಕ್ಷರಾಗಿರಬೇಕು ಎಂಬ ನಿಯಮದ ಹಿಂದಿನ ತರ್ಕವೂ ಇದೇ. ಆದರೆ ಸಹಿಗಷ್ಟೇ ಅಧ್ಯಕ್ಷರಾದರೆ ಪ್ರಯೋಜನವಿಲ್ಲ. ಅಟೈನ್‌ಮೆಂಟ್ ಪರಿಶೀಲನೆಯ ಸಭೆಗೆ ಡೈರೆಕ್ಟರ್ ಕೂತು, ಅಲ್ಲೇ ಹಣ ಮತ್ತು ಸಮಯ ಮಂಜೂರು ಮಾಡಿ ಏಳಬೇಕು. ಕೋಆರ್ಡಿನೇಟರ್‌ಗೆ ವಾರಕ್ಕೆ ನಾಲ್ಕು ಗಂಟೆಯಾದರೂ ಪಾಠ ಕಡಿಮೆ ಮಾಡಬೇಕು.

ಅಂಕಗಳ ಹಂಚಿಕೆಯನ್ನೂ ಆಡಳಿತ ಮಂಡಳಿಗೆ ತೋರಿಸಿ. ಎಂಬಿಎ ವಿಭಾಗಗಳು ಈವರೆಗೆ ತುಂಬುತ್ತ ಬಂದ ಎಸ್‌ಎಆರ್ ನಮೂನೆಯ 1000 ಅಂಕಗಳಲ್ಲಿ ಅಧ್ಯಾಪಕರಿಗೆ ಸಂಬಂಧಿಸಿದ ಮಾನದಂಡಕ್ಕೇ 220, ಉದ್ಯಮ ಮತ್ತು ಅಂತರರಾಷ್ಟ್ರೀಯ ಸಂಪರ್ಕಕ್ಕೆ 130, ಮೂಲಸೌಕರ್ಯಕ್ಕೆ 75. ತಂಡ ಬರುವ ತಿಂಗಳಲ್ಲಿ ಗೋಡೆಗೆ ಬಣ್ಣ ಬಳಿಯಲು ಸುರಿಯುವ ಹಣ ಎಲ್ಲಿಗೆ ಹೋಗಬೇಕಿತ್ತು ಎಂಬುದು ಆ ಅಂಕಿಗಳಲ್ಲೇ ಇದೆ.

ಮೂರು_ಕಿರೀಟ

ಎಎಸಿಎಸ್‌ಬಿ ಬಗ್ಗೆ: ಇದೇ ಕಡತ ಸಾಲದು. ಎನ್‌ಬಿಎ ನೋಡುವುದು ಎಂಬಿಎಯಂಥ ಒಂದು ಪದವಿಯನ್ನು. 1916ರಲ್ಲಿ ಅಮೆರಿಕದಲ್ಲಿ ಶುರುವಾದ ಎಎಸಿಎಸ್‌ಬಿ ನೋಡುವುದು ಇಡೀ ಶಾಲೆಯನ್ನು, ಅದರ ಧ್ಯೇಯವನ್ನು, ಆ ಧ್ಯೇಯಕ್ಕೂ ಸಂಶೋಧನೆಗೂ ಇರುವ ನಂಟನ್ನು. ಮೊದಲು ಅರ್ಹತೆಯ ಅರ್ಜಿ, ಒಪ್ಪಿದರೆ ಮಾರ್ಗದರ್ಶಕರ ನೇಮಕ, ಆಮೇಲೆ ಆರಂಭಿಕ ಸ್ವಮೌಲ್ಯಮಾಪನ ವರದಿ, ಅದರ ಪ್ರಗತಿ ವರದಿಗಳು, ಕೊನೆಗೆ ತಂಡದ ಭೇಟಿ. ವರ್ಷಗಳ ಕೆಲಸ, ಶುಲ್ಕ ಡಾಲರ್‌ನಲ್ಲಿ.

ನಮ್ಮ ಕಾಲೇಜುಗಳು ಎಡವುವುದು ಹೆಚ್ಚಾಗಿ ಎರಡು ಕಡೆ. ಒಂದು, ಅಧ್ಯಾಪಕರ ಅರ್ಹತೆ. 2020ರ ಮಾನದಂಡಗಳಲ್ಲಿ ‘ಸ್ಕಾಲರ್ಲಿ ಅಕಾಡೆಮಿಕ್’ (ಪಿಎಚ್‌ಡಿ ಇದ್ದು ಸಂಶೋಧನೆ ಮುಂದುವರಿಸುತ್ತಿರುವ) ವರ್ಗದವರು ಕನಿಷ್ಠ ಶೇ. 40, ನಾಲ್ಕೂ ಅರ್ಹ ವರ್ಗಗಳು ಸೇರಿ ಶೇ. 90 ಇರಬೇಕು. ಪಿಎಚ್‌ಡಿ ಇದ್ದ ಮಾತ್ರಕ್ಕೆ ಮೊದಲ ವರ್ಗ ಖಾಯಂ ಅಲ್ಲ. ಪಿಎಚ್‌ಡಿ ಮುಗಿಸಿ 12 ವರ್ಷವಾಗಿ ಈಚೆಗೆ ಯಾವ ಸಂಶೋಧನೆಯೂ, ಉದ್ಯಮದ ಒಡನಾಟವೂ ಇಲ್ಲದವರು ‘ಇತರೆ’ ಸಾಲಿಗೆ ಜಾರುತ್ತಾರೆ. ಲೆಕ್ಕವೂ ತಲೆ ಎಣಿಕೆಯಲ್ಲ, ಶಾಲೆಯ ಧ್ಯೇಯಕ್ಕೆ ಕೊಡುವ ಸಮಯದ ಲೆಕ್ಕ: ಶೇ. 20 ಸಮಯ ಕೊಡುವ ಐದು ಅತಿಥಿ ಉಪನ್ಯಾಸಕರು ಸೇರಿ ಒಬ್ಬರಿಗೆ ಸಮ. ಇದರ ಮೇಲೆ, ಪಾಠದ ಶೇ. 75 ಭಾಗ ಶಾಲೆಯ ಕೆಲಸದಲ್ಲಿ ಪೂರ್ತಿ ತೊಡಗಿರುವ ಅಧ್ಯಾಪಕರಿಂದಲೇ ಆಗಬೇಕು, ಒಂದೊಂದು ವಿಭಾಗದಲ್ಲೂ ಶೇ. 60.

ಇನ್ನೊಂದು, ಕಲಿಕೆಯ ಖಾತರಿ. ಮೇಲೆ ಹೇಳಿದ 2.12ರ ಲೆಕ್ಕ ಇಲ್ಲಿ ನಡೆಯುವುದಿಲ್ಲ, ಏಕೆಂದರೆ ಒಂದು ವಿಷಯದ ಅಂಕದೊಳಗೆ ಹಲವು ಸಾಮರ್ಥ್ಯಗಳು ಬೆರೆತಿರುತ್ತವೆ. ‘ಬರವಣಿಗೆಯಲ್ಲಿ ವಾದ ಮಂಡಿಸುವುದು’ ಒಂದು ಗುರಿಯಾದರೆ ವಿದ್ಯಾರ್ಥಿಗಳ ವರದಿಗಳ ಮಾದರಿ ತೆಗೆದು, ಅದಕ್ಕೆಂದೇ ಮಾಡಿದ ರೂಬ್ರಿಕ್ (ಮಟ್ಟವಾರು ಅಳತೆ ಪಟ್ಟಿ) ಇಟ್ಟು, ಸಾಧ್ಯವಾದರೆ ಪಾಠ ಮಾಡದ ಇಬ್ಬರಿಂದ ಅಳೆಸಬೇಕು. ಅದರ ಫಲಿತಾಂಶ ನೋಡಿ ಪಠ್ಯಕ್ರಮ ಬದಲಿಸಬೇಕು. ಆ ಹಿಡಿತ ಕೈಯಲ್ಲಿಲ್ಲದ ಸಂಯೋಜಿತ ಕಾಲೇಜು ಇಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಎಎಸಿಎಸ್‌ಬಿ ಪಡೆದ ಮಣಿಪಾಲದ ಟ್ಯಾಪ್ಮಿ ಬಿಸಿನೆಸ್ ಶಾಲೆ, ಯುರೋಪಿನ ಇಕ್ವಿಸ್ ಮಾನ್ಯತೆ ಪಡೆದ ಬೆಂಗಳೂರಿನ ಐಐಎಂ ಎರಡಕ್ಕೂ ಪಠ್ಯಕ್ರಮ ತಮ್ಮದೇ. ಮೊದಲು ಸ್ವಾಯತ್ತತೆ, ಆಮೇಲೆ ಈ ಮಾತು ಎಂದು ಮಂಡಳಿಗೆ ಹೇಳಿ.

ಹಾಂ, ಎನ್‌ಬಿಎ ಸಿಕ್ಕಿತೆಂದು ಎಂಬಿಎ ಕರಪತ್ರದಲ್ಲಿ ‘ವಾಷಿಂಗ್ಟನ್ ಒಪ್ಪಂದದ ಮಾನ್ಯತೆ’ ಎಂದು ಮುದ್ರಿಸಬೇಡಿ. 2014ರಲ್ಲಿ ಭಾರತಕ್ಕೆ ಕಾಯಂ ಸದಸ್ಯತ್ವ ಸಿಕ್ಕ ಆ ಒಪ್ಪಂದ, ಅಂದರೆ ಸದಸ್ಯ ದೇಶಗಳು ಪದವಿಗಳನ್ನು ಪರಸ್ಪರ ಒಪ್ಪುವ ವ್ಯವಸ್ಥೆ, ಎಂಜಿನಿಯರಿಂಗ್ ಪದವಿಗಳಿಗೆ ಮಾತ್ರ.

ಹಾಳೆ_ಹೊರೆ

ಧನ್ಯವಾದ ಸರ್, ಮೇಡಂ. ನೋಡಿದೆ, ಪಾಸ್ ಅಂಕವೇ ಗುರಿಯಾಗಿ ಕೂತಿದೆ. ಮುಗಿದ ಬ್ಯಾಚುಗಳಿಗೂ ಗುರಿಯನ್ನು ಶೇ. 60ಕ್ಕೆ ಏರಿಸಿ ಲೆಕ್ಕ ಮರು ಹಾಕಬಹುದೇ?

ಲೆಕ್ಕದ_ಪಟ್ಟಿ

ಬೇಡ. ಮುಗಿದ ಬ್ಯಾಚಿನ ಗುರಿಯನ್ನು ಈಗ ತಿದ್ದಿದರೆ ಆಗಿನ ನಡಾವಳಿ, ಕೋರ್ಸ್ ಫೈಲ್, ಎಸ್‌ಎಆರ್ ಮೂರೂ ಮೂರು ದಾರಿ ಹಿಡಿಯುತ್ತವೆ, ಅದು ಕಡಿಮೆ ಅಂಕಕ್ಕಿಂತ ಕೆಟ್ಟದ್ದು. ಹಳೆಯ ಲೆಕ್ಕ ಹಾಗೇ ಇರಲಿ. ‘ಗುರಿ ಸಡಿಲವಾಗಿತ್ತು, ಹಿಂದಿನ ಮೂರು ವರ್ಷದ ಸರಾಸರಿ ನೋಡಿ ಏರಿಸಲಾಗಿದೆ’ ಎಂದು ವಿಷಯವಾರು ನಡಾವಳಿ ಬರೆದು, ಈಗ ಓದುತ್ತಿರುವ ಬ್ಯಾಚಿನ ಮುಂದಿನ ಸೆಮಿಸ್ಟರ್‌ನಿಂದ ಹೊಸ ಗುರಿ ಹಾಕಿ. ಎಲ್ಲ ವಿಷಯಕ್ಕೂ ಕಣ್ಣುಮುಚ್ಚಿ ಶೇ. 60 ಬೇಡ, ಆಪರೇಷನ್ಸ್ ರಿಸರ್ಚ್‌ಗೆ 55, ಮಾನವ ಸಂಪನ್ಮೂಲಕ್ಕೆ 65 ಇರಬಹುದು. ಮೊದಲ ವರ್ಷ 3 ಇದ್ದದ್ದು 1.8ಕ್ಕೆ ಇಳಿದರೆ ಗಾಬರಿಯಾಗಬೇಡಿ, ಎಸ್‌ಎಆರ್‌ನ ಸುಧಾರಣೆಯ ಭಾಗಕ್ಕೆ ಅಲ್ಲಿಂದಲೇ ಸಾಮಗ್ರಿ ಸಿಗುವುದು.