ಸಹಾಯ ಬೇಕು: ಇಳಿಜಾರಿನಲ್ಲಿ ಪುಟ್ಟ ಮನೆ, ಮಳೆನೀರನ್ನು ಏನು ಮಾಡಲಿ?

ಎಲ್ಲರಿಗೂ ನಮಸ್ಕಾರ. ಆಗಾಗ ಹೋಗಿ ಸುಮ್ನೆ ಕೂತು ಬರೋಕೆ ಒಂದು ಪುಟ್ಟ ಮನೆ ಕಟ್ಟಬೇಕು ಅಂತಿದ್ದೇನೆ. ಒಂದು ಕೋಣೆ, ಸಣ್ಣ ಅಡುಗೆಮನೆ, ಬಚ್ಚಲು, ಜಗಲಿ. ಒಟ್ಟು 40 ಚದರ ಮೀಟರ್, ಅಷ್ಟೇ.

ಜಾಗ ಇಳಿಜಾರು. 10 ಮೀಟರ್ ನಡೆದರೆ 2 ಮೀಟರ್ ಕೆಳಗಿಳಿದಿರುತ್ತೇವೆ. ನಡುವೆ ಒಂದು ದೊಡ್ಡ ಮರ, ಪಕ್ಕದಲ್ಲಿ ಎಮ್ಮೆ ಮಲಗಿದ ಹಾಗಿರುವ ಬಂಡೆ. ಎರಡನ್ನೂ ಮುಟ್ಟುವುದಿಲ್ಲ. ಕಳೆದ ಮಳೆಯಲ್ಲಿ ಕೊಡೆ ಹಿಡಿದು ನಿಂತು ನೋಡಿದೆ. ಮೇಲಿನ ನೀರೆಲ್ಲ ಬಂಡೆಯ ಎಡಕ್ಕೆ ತಿರುಗಿ, ನಾನು ಮನೆಗೆ ಅಂತ ಗುರುತು ಹಾಕಿದ್ದ ಜಾಗದ ಮೇಲೇ ಹರಿಯಿತು!

ಮೊದಲು ಮಣ್ಣು ಕಡಿದು ಸಮ ಮಾಡುವ ನಕ್ಷೆ ಬರೆದೆ. ಆದರೆ ಮರದ ಬೇರು ಕೊಂಬೆಗಳ ನೆರಳಿಗಿಂತ ಆಚೆಗೂ ಹರಡಿರುತ್ತದೆ, ಅದೂ ಜಾಸ್ತಿ ಮೇಲ್ಮಣ್ಣಿನಲ್ಲೇ. ಕಡಿದರೂ ಕಷ್ಟ, ಮೇಲೆ ಮಣ್ಣು ತುಂಬಿದರೆ ಬೇರಿಗೆ ಉಸಿರುಗಟ್ಟುತ್ತದೆ. ಆಮೇಲೆ ಇಡೀ ಮನೆಯನ್ನು ಕಂಬಗಳ ಮೇಲೆ ಎತ್ತಿದೆ (ಕಾಗದದಲ್ಲಿ ಮಾತ್ರ). ನೀರಿಗೆ ದಾರಿ ಸಿಕ್ಕಿತು, ಬೇರೂ ಉಳಿಯಿತು. ಆದರೆ ಜಗಲಿಯಿಂದ ನೆಲಕ್ಕೆ 12 ಮೆಟ್ಟಿಲು. ಮಣ್ಣಿಗೆ ಹತ್ತಿರ ಇರೋಣ ಅಂತ ಹೋಗಿ ಗಾಳಿಯಲ್ಲಿ ನೇತಾಡಿದ ಹಾಗಾಯಿತು ಅಲ್ವಾ?

ಈಗಿನ ಯೋಚನೆ: ಮೇಲ್ಬದಿ ನೆಲಕ್ಕೆ ತಾಗಿರಲಿ, ಕೆಳಬದಿ ಮಾತ್ರ ಕಂಬದ ಮೇಲಿರಲಿ. ಸಿಕ್ಕಿಹಾಕಿಕೊಂಡಿರುವುದು ಆ ತಾಗುವ ಅಂಚಿನಲ್ಲೇ. ಅಲ್ಲಿ ಕಾಲುವೆ ತೋಡಿ ನೀರನ್ನು ಪಕ್ಕಕ್ಕೆ ತಿರುಗಿಸಬೇಕಾ, ಅಥವಾ ಆ ಅಂಚನ್ನೂ ಎರಡು ಗೇಣು ಎತ್ತಿ ನೀರನ್ನು ಮನೆಯಡಿಯಲ್ಲೇ ಬಿಡಬೇಕಾ? ಇಂಥ ಜಾಗದಲ್ಲಿ ಕಟ್ಟಿದವರು ಹೇಳಿ: ನೀವು ಯಾವುದು ಮಾಡಿದಿರಿ, ಎರಡು ಮೂರು ಮಳೆಗಾಲ ಕಳೆದ ಮೇಲೆ ಹೇಗಿದೆ?