ಈ ವಾರದ ಸಮಸ್ಯೆ: “ಉಣ್ಣದೆಯೆ ತೇಗಿದಳು ನಮ್ಮ ಅಜ್ಜಿ”

ಅಘನಾಶಿನಿ: ಈ ಸಲ ಸರದಿ ನನ್ನದು. ಕೊನೆಯ ಸಾಲು ಮೇಲಿದೆ, ಮೊದಲ ಮೂರು ಸಾಲು ಬರೆದು ಪೂರಣ ಮಾಡುವುದು ನಿಮ್ಮ ಕೆಲಸ. ಹೋದ ತಿಂಗಳು ಅಜ್ಜಿ ತೀರಿಕೊಂಡಳು, 94 ಆಗಿತ್ತು. ಹಾಗಂತ ಅಳುವ ಪದ್ಯವೇ ಬೇಕಂತಿಲ್ಲ. ಅವಳು ನಗಿಸುವವಳು.

ಕಾರವಾರದ ಮೇಷ್ಟ್ರು: ಪೂರಣ ಆಮೇಲೆ. ಮೊದಲು ಆ ‘ನಮ್ಮ ಅಜ್ಜಿ’. ವಿಸಂಧಿ, ಅಂದರೆ ಎರಡು ಸ್ವರ ಸೇರಬೇಕಾದಲ್ಲಿ ಸಂಧಿ ಮಾಡದೆ ಬಿಟ್ಟದ್ದು. ಸಮಸ್ಯೆ ಕೊಡುವವರೇ ಹೀಗಾದರೆ ಹೊಸಬರು ಏನು ಕಲಿಯಬೇಕು? ‘ನಮ್ಮಜ್ಜಿಯು’ ಅನ್ನಿ, ಸರಿಯಾಗಿ ಕೂರುತ್ತದೆ.

ಅಘನಾಶಿನಿ: ಆ ‘ಯು’ ಬಾಡಿಗೆಗೆ ತಂದ ಹಾಗಿದೆ ಮೇಷ್ಟ್ರೇ. ಮನೆಯಲ್ಲಿ ಯಾರಾದರೂ ‘ನಮ್ಮಜ್ಜಿಯು ಬಂದಳು’ ಅಂತಾರಾ?

ಕಾರವಾರದ ಮೇಷ್ಟ್ರು: ‘ಉಣ್ಣದೆಯೆ’ ಅಂತಾರಾ?

ತೋಟದ ಹಾದಿ: ಶುರುವಾಯ್ತು. ಹೋದ ವರ್ಷ ಶಿಥಿಲದ್ವಿತ್ವಕ್ಕೆ, ಅದೇ ಒತ್ತಕ್ಷರವನ್ನು ತೇಲಿಸಿ ಹಿಂದಿನ ಅಕ್ಷರವನ್ನು ಲಘುವಾಗೇ ಉಳಿಸುವುದಕ್ಕೆ, ನಲವತ್ತು ಕಾಮೆಂಟು. ಈ ವರ್ಷ ಇದಾ? ನನ್ನ ಪೂರಣ ತಗೊಳ್ಳಿ, ಬಾಯಿ ಸಿಹಿ ಮಾಡಿಕೊಳ್ಳಿ.

ಸಣ್ಣವರು ಬಾಳೆಯೆಲೆ ಬಳಿದು ನೆಕ್ಕಿರಲಾಗ
ತಣ್ಣಗಿನ ತಂಬುಳಿಯು ಬರಿದಾಯಿತು
ಕಣ್ಣಿನಲೆ ಹೊಟ್ಟೆಯನು ತುಂಬಿದೆನು ಸಾಕೆಂದು
ಉಣ್ಣದೆಯೆ ತೇಗಿದಳು ನಮ್ಮ ಅಜ್ಜಿ

ಹೊನ್ನಾವರದ ಹುಡುಗ: ಚೆನ್ನಾಗಿದೆ ಅಕ್ಕ.

ಕಾರವಾರದ ಮೇಷ್ಟ್ರು: ಪ್ರಾಸ ಶುದ್ಧ. ಭಾವ ನಿರೀಕ್ಷಿತ. ಮಕ್ಕಳು ಉಂಡರೆ ಅಜ್ಜಿಗೆ ಹೊಟ್ಟೆ ತುಂಬುವುದು ಈ ಗುಂಪಿನಲ್ಲಿ ವರ್ಷಕ್ಕೆ ನಾಲ್ಕು ಸಲ ಆಗುತ್ತದೆ.

ತೋಟದ ಹಾದಿ: ಅಜ್ಜಿಯಂದಿರು ಹಾಗೇ ಇದ್ದರು ಮೇಷ್ಟ್ರೇ. ಹೊಸ ತರದ ಅಜ್ಜಿ ಎಲ್ಲಿಂದ ತರಲಿ? ಇನ್ನೊಂದು ಮಾತು. ವಿಸಂಧಿ ಅಷ್ಟು ಚುಚ್ಚುವುದಾದರೆ ‘ನಮ್ಮಮ್ಮನೇ’ ಅಂತ ಮಾಡಿಬಿಡಿ. ಬಾಡಿಗೆಯ ‘ಯು’ ಕೂಡ ಬೇಡ.

ಕಾರವಾರದ ಮೇಷ್ಟ್ರು: ವಿಷಯ ಅಜ್ಜಿ. ಅಮ್ಮ ಎಲ್ಲಿಂದ ಬಂದಳು?

ತೋಟದ ಹಾದಿ: ಘಟ್ಟ ಹತ್ತಿ ಒಮ್ಮೆ ಶಿರಸಿಗೆ ಬನ್ನಿ. ನಮ್ಮ ಹವ್ಯಕರ ಮನೆಗಳಲ್ಲಿ ಹೆತ್ತವಳು ಆಯಿ. ಅಮ್ಮ ಅಂದರೆ ಅಜ್ಜಿ. ಮದುವೆಯಾದ ಹೊಸತರಲ್ಲಿ ಬಯಲುಸೀಮೆಯ ನಮ್ಮ ಭಾವ, ಯಾರೋ ‘ಅಮ್ಮ ಕರೀತಿದ್ದಾರೆ’ ಅಂದಿದ್ದಕ್ಕೆ, ಅಡುಗೆಮನೆಗೆ ಹೋಗಿ ಅತ್ತೆಯ ಮುಂದೆ ನಿಂತಿದ್ದರು. ಅಜ್ಜಿ ಜಗುಲಿಯಲ್ಲಿ ಕಾಯುತ್ತಾ ಕೂತಿದ್ದರು.

ಅಂಕೋಲೆಯ ಅಲೆ: ಕಾರವಾರದ ಕೊಂಕಣಿ ಮನೆಗಳಲ್ಲೂ ಆಯಿ ಅಂದ್ರೆ ತಾಯಿ ಅಲ್ವಾ? ಮೇಷ್ಟ್ರಿಗೆ ಗೊತ್ತಿಲ್ಲದ್ದೇನಲ್ಲ, ಸುಮ್ನೆ ಕೆಣಕ್ತಾರೆ.

ಅಘನಾಶಿನಿ: ನಾನೂ ಅವಳನ್ನು ಅಮ್ಮ ಅಂತಲೇ ಕರೆದದ್ದು. ಇಲ್ಲಿ ಬೇರೆ ಊರಿನವರು ತಪ್ಪು ತಿಳಿಯುತ್ತಾರೆ ಅಂತ ‘ಅಜ್ಜಿ’ ಬರೆದೆ. ನಿಜ ಹೇಳಬೇಕೆಂದರೆ ಬರೆಯುವಾಗ ಕೈ ಸ್ವಲ್ಪ ತಡವರಿಸಿತು. ಆ ಸಂಧಿ ಬಿಟ್ಟು ಹೋದದ್ದು ಅಲ್ಲೇ ಇರಬೇಕು.

ಕಾರವಾರದ ಮೇಷ್ಟ್ರು: ಕೈ ತಡವರಿಸಿದ್ದಕ್ಕೆ ಛಂದಸ್ಸಿನಲ್ಲಿ ರಿಯಾಯಿತಿ ಇಲ್ಲ. ಇರಲಿ, ನನ್ನದು:

ಹಣ್ಣು ಹನ್ನೆರಡು ಹಾಲೊಂದು ಚೊಂಬವಲಕ್ಕಿ
ತಣ್ಣನೆಯ ಮುರುಗಲಿನ ಪಾನಕವನೂ
ಕಣ್ಣುಮುಚ್ಚುತ ಮುಗಿಸಿ ವ್ರತವಿಂದು ತನಗೆಂದು
ಉಣ್ಣದೆಯೆ ತೇಗಿದಳು ನಮ್ಮಜ್ಜಿಯು

ಹೊನ್ನಾವರದ ಹುಡುಗ: ಹಹ್ಹಾ, ಏಕಾದಶಿ! ಇದು ನಮ್ಮ ಮನೆಯದೇ ಕತೆ. ಆದರೆ ಅವಲಕ್ಕಿ ಅಕ್ಕಿಯಲ್ವಾ? ನಡೆಯುತ್ತಾ?

ಅಂಕೋಲೆಯ ಅಲೆ: ಅಜ್ಜಿ ತಿಂದರೆ ನಡೆಯುತ್ತೆ. ನೀನು ತಿಂದರೆ ನಡೆಯಲ್ಲ.

ತೋಟದ ಹಾದಿ: ಮುರುಗಲು (ಕೋಕಂ) ಅಂದಿದ್ದಕ್ಕೆ ನೆನಪಾಯ್ತು. ಮೇ ತಿಂಗಳಲ್ಲಿ ಸಿಪ್ಪೆ ಬೇರೆ ಮಾಡಿ ಒಣಗಿಸುವುದು, ಮಳೆ ಬರುವುದರೊಳಗೆ ಮುಗಿಸಬೇಕು. ಬೀಜವನ್ನೂ ನಮ್ಮಜ್ಜಿ ಬಿಡುತ್ತಿರಲಿಲ್ಲ. ಕುಟ್ಟಿ, ಕುದಿಸಿ, ತುಪ್ಪ ತೆಗೆದು ಉಂಡೆ ಕಟ್ಟಿಡುತ್ತಿದ್ದಳು. ಚಳಿಗಾಲ ಬಂತೆಂದರೆ ರಾತ್ರಿ ಎಲ್ಲರ ಒಡೆದ ಹಿಮ್ಮಡಿಗೂ ಹಚ್ಚಿ ಮುಗಿಸಿಯೇ ಮಲಗುವುದು. ಅವಳ ಹಿಮ್ಮಡಿ ಮಾತ್ರ ಹಾಗೇ ಇರುತ್ತಿತ್ತು. ಇದನ್ನು ಪದ್ಯ ಮಾಡಬೇಕಿತ್ತು ನಾನು.

ಹಾಂ, ಮೇಷ್ಟ್ರೇ. ಮೂರನೇ ಸಾಲು ಇನ್ನೊಮ್ಮೆ ಓದಿ. ‘ಮುಗಿಸಿ ವ್ರತ’. ಆ ‘ಸಿ’ ಏನಾಯ್ತು?

ಕಾರವಾರದ ಮೇಷ್ಟ್ರು: ಏನೂ ಆಗಿಲ್ಲ.

ತೋಟದ ಹಾದಿ: ಮುಂದಿನ ‘ವ್ರ’ದ ಒತ್ತಿನಿಂದ ಗುರುವಾಗಿದೆ, ಎರಡು ಮಾತ್ರೆ. ಎಣಿಸಿ, ಐದು ಮಾತ್ರೆಯ ಗಣದಲ್ಲಿ ಆರು ಬರುತ್ತದೆ.

ಕಾರವಾರದ ಮೇಷ್ಟ್ರು: ಪದ ಬೇರೆ. ‘ಮುಗಿಸಿ’ ಆದ ಮೇಲೆ ಉಸಿರು ತಗೊಳ್ಳುತ್ತೇವೆ. ಒತ್ತು ಹಿಂದಕ್ಕೆ ಬೀಳುವುದಿಲ್ಲ. ತೇಲಿಸಿ ಓದಬೇಕು.

ತೋಟದ ಹಾದಿ: ಹೋದ ವರ್ಷ ನಾನು ತೇಲಿಸಿದಾಗ ‘ಸಂಸ್ಕೃತದ ಪದಕ್ಕೆ ಶೈಥಿಲ್ಯ ಹೇಳಬೇಡಿ’ ಅಂದವರು ಯಾರು? ಹುಡುಕಿ ತೋರಿಸಲಾ?

ಕಾರವಾರದ ಮೇಷ್ಟ್ರು: ಅಲ್ಲಿ ಒಂದೇ ಪದದ ಒಳಗಿತ್ತು. ಇದು ಎರಡು ಪದದ ನಡುವೆ. ವ್ಯತ್ಯಾಸ ಇದೆ. ನಡುವೆ ಜಾಗ ಇದೆ.

ಅಂಕೋಲೆಯ ಅಲೆ: ಅಯ್ಯೋ ಮಾರಾಯ್ರೇ, ಅದೇ ಜಾಗವನ್ನು ‘ನಮ್ಮ’ ಮತ್ತು ‘ಅಜ್ಜಿ’ ನಡುವೆಯೂ ಕೊಟ್ಟುಬಿಡಿ!

ಹೊನ್ನಾವರದ ಹುಡುಗ: 😂

ತೋಟದ ಹಾದಿ: ಅಂಕೋಲೆಗೆ ನನ್ನ ಲೆಕ್ಕದಲ್ಲಿ ಒಂದು ಸಿಹಿ ತೊಡೆದೇವು.

ಕಾರವಾರದ ಮೇಷ್ಟ್ರು: ವಿಸಂಧಿ ಬೇರೆ, ಇದು ಬೇರೆ. ಎರಡನ್ನೂ ಕಲಸಬೇಡಿ. ಸಂಜೆ ಉದಾಹರಣೆ ಹಾಕುತ್ತೇನೆ.

ಅಂಕೋಲೆಯ ಅಲೆ: ನೀವು ಉದಾಹರಣೆ ಹುಡುಕುವುದರೊಳಗೆ ನನ್ನದೂ ಹಾಕುತ್ತೇನೆ. ನಮ್ಮದು ಮೀನು ತಿನ್ನುವ ಮನೆ, ತಂಬುಳಿಯವರು ಕ್ಷಮಿಸಬೇಕು. ನಮ್ಮಜ್ಜಿಗೆ ಹುಟ್ಟಿದ ತಾರೀಕು ಗೊತ್ತಿರಲಿಲ್ಲ. ‘ನಮ್ಮೂರಲ್ಲಿ ಉಪ್ಪು ಮಾಡಿದ ವರ್ಷ’ ಅನ್ನುತ್ತಿದ್ದಳು, ಅಂದರೆ 1930. ಸತ್ಯಾಗ್ರಹದ ಉಪ್ಪಿನ ಜೊತೆ ಹುಟ್ಟಿದವಳು ಜೀವನದಲ್ಲಿ ಒಂದೇ ಒಂದು ಸುಳ್ಳು ಹೇಳಿದಳು. ದಿನಾ ಅದನ್ನೇ ಹೇಳಿದಳು.

ಅಣ್ಣತಮ್ಮಂದಿರಿಗೆ ಬಂಗಡೆಯ ಕರಿದಿಟ್ಟು
ಮಣ್ಣಮಡಕೆಯ ಗಂಜಿತಿಳಿಯ ಕುಡಿದು
ಬಣ್ಣದೊಂದೇ ಸುಳ್ಳು, ‘ಮೊದಲುಂಡೆ ನಾ’ನೆಂದು
ಉಣ್ಣದೆಯೆ ತೇಗಿದಳು ನಮ್ಮ ಅಜ್ಜಿ

ತೋಟದ ಹಾದಿ: 🙏

ಹೊನ್ನಾವರದ ಹುಡುಗ: ಆಹಾ.

ಕಾರವಾರದ ಮೇಷ್ಟ್ರು: ಒಳ್ಳೆಯ ಪೂರಣ. ಗಂಜಿತಿಳಿ ಕುಡಿದ ಮೇಲೆ ‘ಉಣ್ಣದೆ’ ಹೇಗೆ, ಒಂದು ಪ್ರಶ್ನೆ.

ಅಂಕೋಲೆಯ ಅಲೆ: ಕುಡಿದದ್ದು. ಉಂಡದ್ದಲ್ಲ.

ಕಾರವಾರದ ಮೇಷ್ಟ್ರು: ಒಪ್ಪಿದೆ.

ತೋಟದ ಹಾದಿ: ಇವತ್ತಿನ ತಾರೀಕು ಬರೆದಿಟ್ಟುಕೊಳ್ಳಿ ಎಲ್ಲರೂ.

ಹೊನ್ನಾವರದ ಹುಡುಗ: ಅಘನಾಶಿನಿಯವರೇ, ನೀವೇ ಹಾಕಿಲ್ಲ. ನಿಮ್ಮ ಪೂರಣ?

ಅಘನಾಶಿನಿ: ಎರಡು ಸಲ ಕೂತೆ, ಆಗಲಿಲ್ಲ. ಸಾಲು ಬಂದದ್ದು ಎಲ್ಲಿಂದ ಅಂತ ಹೇಳಿಬಿಡುತ್ತೇನೆ. ಕೊನೆಯ ವಾರ ಅವಳು ಅನ್ನ ಬಿಟ್ಟಿದ್ದಳು. ಎರಡು ಚಮಚ ನೀರು, ಅಷ್ಟೇ. ಬೆಂಗಳೂರಿನಿಂದ ಎಲ್ಲರೂ ಬಂದಿದ್ದರು. ಅವಳ ಮಂಚದ ಪಕ್ಕದಲ್ಲೇ ಎಲೆ ಹಾಕಿ ಹದಿಮೂರು ಜನ ಕೂತೆವು. ಮಾವಿನ ಮಿಡಿಯ ಅಪ್ಪೆಹುಳಿ ಸಾಕಾಗಲಿಲ್ಲ. ಅದನ್ನು ಕೇಳಿ ಮಲಗಿದ್ದಲ್ಲಿಂದಲೇ ‘ಇನ್ನೆರಡು ಮಿಡಿ ಹಾಕಕಾಗಿತ್ತು’ ಅಂದಳು. ನಾವು ಏಳುವ ಹೊತ್ತಿಗೆ ದೊಡ್ಡದಾಗಿ ತೇಗಿದಳು. ಚಿಕ್ಕ ಮಗು ನಕ್ಕಿತು. ‘ಸಾಕಾತು’ ಅಂದಳು ಮಗುವಿಗೆ. ಆಮೇಲೂ ಮೂರು ದಿನ ಇದ್ದಳು, ಜಾಸ್ತಿ ಮಾತಿರಲಿಲ್ಲ.

ತೋಟದ ಹಾದಿ: ಇದಕ್ಕೆ ನಾನು ಬರೆದದ್ದು ಏನೂ ಅಲ್ಲ ಬಿಡಿ.

ಅಂಕೋಲೆಯ ಅಲೆ: ಅಪ್ಪೆಹುಳಿ ಮಾಡಿದ್ದು ಯಾರು?

ಅಘನಾಶಿನಿ: ನಾನೇ. ಇಂಗು ಜಾಸ್ತಿಯಾಗಿತ್ತು. ಅದನ್ನೂ ಹೇಳಿದಳು.

ಕಾರವಾರದ ಮೇಷ್ಟ್ರು: ವಿಸಂಧಿ ವಿಸಂಧಿಯೇ. ನಿಮ್ಮ ಸಾಲು ಇದ್ದ ಹಾಗೇ ಇರಲಿ.

ಹೊನ್ನಾವರದ ಹುಡುಗ: ಮೇಷ್ಟ್ರೇ, ಸಂಜೆ ಉದಾಹರಣೆ ಹಾಕುತ್ತೇನೆ ಅಂದಿರಿ?

ಕಾರವಾರದ ಮೇಷ್ಟ್ರು: ಮೂರನೇ ಸಾಲು ತಿದ್ದಿದೆ. ‘ಕಣ್ಣುಮುಚ್ಚುತ ಮುಗಿಸಿ ನೇಮವಿದೆ ತನಗೆಂದು’. ಮುಂದಿನ ವಾರ ಯಾರ ಸರದಿ?