ಅಪ್ಪ ತೆಗೆದ ಹಳೇ ವಿಡಿಯೋಗಳು ವಿಪರೀತ ಅಲುಗಾಡುತ್ತವೆ, ಸರಿ ಮಾಡೋದು ಹೇಗೆ?

ಮನೆವಿಡಿಯೋ

ಎಲ್ಲರಿಗೂ ನಮಸ್ಕಾರ. ಅಪ್ಪ ಹೈ8 ಕ್ಯಾಮ್‌ಕಾರ್ಡರ್‌ನಲ್ಲಿ ತೆಗೆದಿದ್ದ ಟೇಪ್‌ಗಳನ್ನೆಲ್ಲ ಈಗ ಕಂಪ್ಯೂಟರಿಗೆ ಇಳಿಸಿಕೊಂಡಿದ್ದೇನೆ. ಫೈಲ್‌ಗಳು 720×576, ಸೆಕೆಂಡಿಗೆ 25 ಫ್ರೇಮ್. ಬಣ್ಣ, ಧ್ವನಿ ಎರಡೂ ಪರವಾಗಿಲ್ಲ, ಆದರೆ ಅಲುಗಾಟ ಮಾತ್ರ ತಡೆಯೋಕಾಗಲ್ಲ. ಮನೆಯವರೆಲ್ಲ ದೊಡ್ಡ ಟಿವಿಯಲ್ಲಿ ನೋಡೋಣ ಅಂತ ಕೂತರೆ ಹತ್ತು ನಿಮಿಷಕ್ಕೆ ತಲೆ ಸುತ್ತೋಕೆ ಶುರುವಾಗುತ್ತೆ.

ಅಲುಗಾಟ ಎಲ್ಲ ಕಡೆ ಒಂದೇ ಥರ ಇಲ್ಲ. ಕೆಲವು ಕಡೆ ಅಪ್ಪ ನಿಂತಲ್ಲೇ ನಿಂತು ದೂರಕ್ಕೆ ಜೂಮ್ ಮಾಡಿದ್ದಾರೆ, ಅಲ್ಲಿ ಚಿತ್ರ ನಡುಗುತ್ತೆ. ಇನ್ನು ಕೆಲವು ಕಡೆ ಮಕ್ಕಳ ಹಿಂದೆ ನಡೆದುಕೊಂಡೇ ತೆಗೆದಿದ್ದಾರೆ, ಹೆಜ್ಜೆ ಹೆಜ್ಜೆಗೂ ಚಿತ್ರ ಮೇಲೆ ಕೆಳಗೆ ಕುಣಿಯುತ್ತೆ. ಡಾವಿಂಚಿ ರಿಸಾಲ್ವ್ ಅನ್ನುವ ವಿಡಿಯೋ ಎಡಿಟಿಂಗ್ ಸಾಫ್ಟ್‌ವೇರ್‌ನ ಉಚಿತ ಆವೃತ್ತಿ ಹಾಕಿಕೊಂಡು ಸ್ಟೆಬಿಲೈಸ್ (ಅಲುಗಾಟ ತೆಗೆಯುವ ಆಯ್ಕೆ) ಒತ್ತಿ ನೋಡಿದೆ. ಜೂಮ್ ಮಾಡಿದ ಕಡೆ ಸ್ವಲ್ಪ ಸರಿಹೋಯಿತು. ನಡೆಯುವ ಕಡೆ ಗೋಡೆಗಳೆಲ್ಲ ಬಾಗಿದ ಹಾಗೆ ಕಾಣುತ್ತೆ, ಮುಖಗಳು ಅಂಚಿನಲ್ಲಿ ಕತ್ತರಿಸಿ ಹೋಗುತ್ತವೆ. ಕೆಲವು ಕ್ಲಿಪ್‌ಗಳಲ್ಲಂತೂ ಏನೂ ಬದಲಾಗಿಲ್ಲ. ಬಲಗಡೆ ಕೆಳಗೆ ಕ್ಯಾಮೆರಾ ಹಾಕಿದ ತಾರೀಖು ಅಚ್ಚಾಗಿದೆ, ಅದಕ್ಕೂ ಇದಕ್ಕೂ ಸಂಬಂಧ ಇದೆಯಾ ಗೊತ್ತಿಲ್ಲ.

ಇದರ ಜೊತೆ ಈಗಿನ ಫೋನ್ ವಿಡಿಯೋಗಳೂ ಸ್ವಲ್ಪ ಇವೆ, ಅವೂ ಅಲುಗಾಡುತ್ತವೆ. ಎಲ್ಲದಕ್ಕೂ ಒಂದೇ ವಿಧಾನ ಸಾಕಾ? ಅನುಭವ ಇರುವವರು ದಯವಿಟ್ಟು ತಿಳಿಸಿ.

ಟೇಪ್‌ಪ್ರೇಮಿ

ಮೊದಲು ತಾರೀಖಿನ ವಿಷಯ ಹೇಳಿಬಿಡುತ್ತೇನೆ, ಯಾಕಂದ್ರೆ ನಿಮ್ಮ ಅರ್ಧ ತೊಂದರೆ ಅಲ್ಲೇ ಇದೆ ಅಂತ ನನಗನ್ನಿಸುತ್ತೆ. ಸ್ಟೆಬಿಲೈಸ್ ಮಾಡುವ ಸಾಫ್ಟ್‌ವೇರ್ ಚಿತ್ರದಲ್ಲಿ ಎದ್ದು ಕಾಣುವ ಚುಕ್ಕೆಗಳನ್ನು, ಅಂಚುಗಳನ್ನು ಹಿಡಿದು, ಮುಂದಿನ ಫ್ರೇಮಿನಲ್ಲಿ ಅವು ಎಲ್ಲಿಗೆ ಸರಿದವು ಅಂತ ನೋಡುತ್ತೆ. ಅದನ್ನಿಟ್ಟುಕೊಂಡು ಕ್ಯಾಮೆರಾ ಎಷ್ಟು ಅಲುಗಾಡಿತು ಅಂತ ಲೆಕ್ಕ ಹಾಕುತ್ತೆ. ತಾರೀಖಿನ ಅಕ್ಷರಗಳು ಬೆಳ್ಳಗೆ, ಚೂಪಾಗಿ ಇರುತ್ತವೆ, ಇಡೀ ಚಿತ್ರದಲ್ಲಿ ಅಷ್ಟು ಸ್ಪಷ್ಟವಾದದ್ದು ಬೇರೆ ಏನೂ ಇರಲ್ಲ. ಅವು ಒಂದಿಷ್ಟೂ ಕದಲುವುದಿಲ್ಲ ಅಲ್ವಾ? ಹಾಗಾಗಿ ಕ್ಯಾಮೆರಾ ಅಲುಗಾಡೇ ಇಲ್ಲ ಅಂತ ಸಾಫ್ಟ್‌ವೇರ್ ತೀರ್ಮಾನ ಮಾಡಿಬಿಡುವುದುಂಟು. ಏನೂ ಬದಲಾಗದ ಕ್ಲಿಪ್‌ಗಳಲ್ಲಿ ತಾರೀಖು ಇದೆಯಾ ನೋಡಿ.

ಇದೇ ಥರ ಇನ್ನೂ ಎರಡು ಇವೆ. ಟೇಪ್‌ನಿಂದ ಇಳಿಸಿದ ಚಿತ್ರದ ಎಡ ಬಲ ಅಂಚಿನಲ್ಲಿ ತೆಳುವಾದ ಕಪ್ಪು ಪಟ್ಟಿ ಇರುತ್ತೆ. ಕೆಳಗಡೆ ನಾಲ್ಕಾರು ಗೆರೆಯಷ್ಟು ಹರಿದು ಹೋದಂಥ ಕೊಳಕು ಪಟ್ಟಿ ಇರುತ್ತೆ, ಅದು ಟೇಪಿನ ಹೆಡ್ ಬದಲಾಗುವಾಗ ಬರುವ ಗುರುತು. ಹಳೇ ಟಿವಿಗಳು ಅಂಚನ್ನು ಮುಚ್ಚಿಬಿಡುತ್ತಿದ್ದವು, ಹಾಗಾಗಿ ಆಗ ಯಾರಿಗೂ ಕಾಣುತ್ತಿರಲಿಲ್ಲ. ಇವೂ ಕದಲದ ಅಂಚುಗಳೇ. ಸ್ಟೆಬಿಲೈಸ್ ಮಾಡುವ ಮೊದಲೇ ಕ್ರಾಪ್ ಮಾಡಿ ತೆಗೆದು ಹೊಸ ಫೈಲ್ ಮಾಡಿಕೊಳ್ಳಿ. ಆಮೇಲೆ ಮಾಡಿದರೆ ಪ್ರಯೋಜನ ಇಲ್ಲ, ಅಷ್ಟರಲ್ಲಿ ಲೆಕ್ಕ ತಪ್ಪಾಗಿರುತ್ತೆ.

ಇನ್ನೊಂದು ಮುಖ್ಯ ವಿಷಯ. ನಿಮ್ಮ ಫೈಲ್ ಇಂಟರ್‌ಲೇಸ್ ಆಗಿರುತ್ತೆ. 25 ಫ್ರೇಮ್ ಅಂತ ತೋರಿಸಿದರೂ ಒಳಗೆ ಸೆಕೆಂಡಿಗೆ 50 ಅರ್ಧ ಚಿತ್ರಗಳಿರುತ್ತವೆ, ಒಂದರಲ್ಲಿ ಬೆಸ ಗೆರೆಗಳು, ಇನ್ನೊಂದರಲ್ಲಿ ಸಮ ಗೆರೆಗಳು. ವಿಡಿಯೋ ನಿಲ್ಲಿಸಿ, ಕೈ ಬೀಸುತ್ತಿರುವ ಮಗುವಿನ ಕೈಯನ್ನು ಹತ್ತಿರದಿಂದ ನೋಡಿ. ಅಂಚು ಬಾಚಣಿಗೆಯ ಹಲ್ಲಿನ ಹಾಗೆ ಕಂಡರೆ ಅದೇ. ಈ ಅರ್ಧ ಚಿತ್ರಗಳು ಬೇರೆ ಬೇರೆ ಕ್ಷಣದಲ್ಲಿ ತೆಗೆದವು, ಆದರೆ ಸ್ಟೆಬಿಲೈಸರ್ ಎರಡನ್ನೂ ಒಟ್ಟಿಗೆ ಎಳೆದಾಡುತ್ತೆ. ಸ್ವಲ್ಪ ತಿರುಗಿಸಿದರೂ, ಹಿಗ್ಗಿಸಿದರೂ ಗೆರೆಗಳೆಲ್ಲ ಕಲೆಸಿ ಹೋಗುತ್ತವೆ, ಮತ್ತೆ ಬಿಡಿಸೋಕಾಗಲ್ಲ. ಅದಕ್ಕೇ ಡಿಇಂಟರ್‌ಲೇಸ್, ಅಂದರೆ ಅರ್ಧ ಚಿತ್ರಗಳನ್ನು ಬಿಡಿಸಿ ಪೂರ್ತಿ ಫ್ರೇಮ್ ಮಾಡೋದು, ಎಲ್ಲಕ್ಕಿಂತ ಮೊದಲು. ಹ್ಯಾಂಡ್‌ಬ್ರೇಕ್ ಅನ್ನುವ ವಿಡಿಯೋ ಬದಲಿಸುವ ಸಾಫ್ಟ್‌ವೇರ್‌ನಲ್ಲಿ ಯಾಡಿಫ್ ಆರಿಸಿ ಅದರಲ್ಲಿ ಬಾಬ್ ಅನ್ನುವ ಆಯ್ಕೆ ತೆಗೆದುಕೊಳ್ಳಿ, ಆಗ 50 ಪೂರ್ತಿ ಫ್ರೇಮ್ ಸಿಗುತ್ತೆ. 25ಕ್ಕೇ ನಿಲ್ಲಿಸಿದರೆ ಅರ್ಧ ಚಲನೆ ಕಳೆದುಕೊಳ್ಳುತ್ತೀರಿ. ಆರ್‌ಎಫ್ ಸಂಖ್ಯೆ ಕಡಿಮೆ ಇಡಿ, ಕಡಿಮೆ ಇದ್ದಷ್ಟೂ ಗುಣಮಟ್ಟ ಜಾಸ್ತಿ. ಫೈಲ್ ದೊಡ್ಡದಾಗುತ್ತೆ, ಆಗಲಿ, ಇದು ಮಧ್ಯದ ಹಂತ ಅಷ್ಟೇ.

ಹಾಗೇ ಒಂದು ಪರೀಕ್ಷೆ. ಡಿಇಂಟರ್‌ಲೇಸ್ ಮಾಡಿದ ಮೇಲೆ ಚಲಿಸುವ ವಸ್ತುಗಳು ಎರಡು ಹೆಜ್ಜೆ ಮುಂದೆ ಒಂದು ಹೆಜ್ಜೆ ಹಿಂದೆ ಹೋದ ಹಾಗೆ ಜಗ್ಗಾಡಿದರೆ ಅದು ಅಪ್ಪನ ಕೈ ನಡುಕ ಅಲ್ಲವೇ ಅಲ್ಲ. ಬೆಸ ಸಮ ಗೆರೆಗಳ ಕ್ರಮ ಉಲ್ಟಾ ಆಗಿದೆ ಅಂತ ಅರ್ಥ. ಡಿವಿ ಫೈಲ್‌ಗಳಲ್ಲಿ ಕೆಳಗಿನ ಫೀಲ್ಡ್ (ಅರ್ಧ ಚಿತ್ರ) ಮೊದಲು ಬರುತ್ತೆ, ಬೇರೆ ಕ್ಯಾಪ್ಚರ್ ಸಾಧನಗಳಲ್ಲಿ ಮೇಲಿನದು ಮೊದಲು ಬರಬಹುದು. ಕ್ರಮ ಬದಲಿಸಿ ನೋಡಿ, ಎಷ್ಟೋ ಸಲ ಅಲುಗಾಟ ಅಂದುಕೊಂಡದ್ದು ಅಲ್ಲಿಗೇ ಮುಗಿಯುತ್ತೆ.

ಚಿತ್ರದಲ್ಲಿ ನೆಟ್ಟಗಿನ ಕಂಬ, ಬಾಗಿಲ ಚೌಕಟ್ಟು ಗೆರೆ ಗೆರೆಯಾಗಿ ಅಡ್ಡಕ್ಕೆ ನಲುಗುತ್ತಿದ್ದರೆ ಅದು ಟೇಪಿನದೇ ದೋಷ. ಅದನ್ನು ಇಳಿಸಿಕೊಳ್ಳುವಾಗಲೇ ಟೈಮ್ ಬೇಸ್ ಕರೆಕ್ಟರ್ (ಗೆರೆಗಳನ್ನು ಸರಿಯಾದ ಜಾಗಕ್ಕೆ ಕೂರಿಸುವ ಸಾಧನ) ಇಟ್ಟು ಸರಿ ಮಾಡಬೇಕು, ಯಾವ ಸ್ಟೆಬಿಲೈಸರ್‌ಗೂ ಅದು ಬಗ್ಗುವುದಿಲ್ಲ.

ಫ್ರೇಮ್‌ಹುಚ್ಚು

ಟೇಪ್‌ಪ್ರೇಮಿ ಹೇಳಿದ ಕ್ರಮ ಸರಿಯಾಗಿದೆ. ನಾನು ರಿಸಾಲ್ವ್ ಬಗ್ಗೆ ಹೇಳುತ್ತೇನೆ.

ಗೋಡೆ ಬಾಗೋದಕ್ಕೆ ಕಾರಣ ನೀವು ಪರ್ಸ್ಪೆಕ್ಟಿವ್ ಮೋಡ್‌ನಲ್ಲಿ ಬಿಟ್ಟಿರುವುದು ಇರಬೇಕು. ಇನ್‌ಸ್ಪೆಕ್ಟರ್‌ನಲ್ಲಿ ಸ್ಟೆಬಿಲೈಸೇಶನ್ ತೆಗೆದರೆ ಮೂರು ಮೋಡ್ ಕಾಣುತ್ತವೆ. ಟ್ರಾನ್ಸ್‌ಲೇಶನ್ ಅಂದರೆ ಚಿತ್ರವನ್ನು ಅಕ್ಕಪಕ್ಕ, ಮೇಲೆ ಕೆಳಗೆ ಮಾತ್ರ ಸರಿಸುತ್ತೆ. ಸಿಮಿಲಾರಿಟಿ ಅದರ ಜೊತೆ ತಿರುಗಿಸುವುದು, ಹಿಗ್ಗಿಸಿ ಕುಗ್ಗಿಸುವುದನ್ನೂ ಮಾಡುತ್ತೆ. ಪರ್ಸ್ಪೆಕ್ಟಿವ್ ಮೂಲೆಗಳನ್ನೂ ಎಳೆಯುತ್ತೆ, ಬಾಗೋದು ಅಲ್ಲೇ. ನಡೆದುಕೊಂಡು ತೆಗೆದ ವಿಡಿಯೋದಲ್ಲಿ ಹತ್ತಿರದ ವಸ್ತುಗಳು ಬೇಗ ಸರಿಯುತ್ತವೆ, ದೂರದವು ನಿಧಾನ. ಒಂದು ಚಪ್ಪಟೆ ಚಿತ್ರವನ್ನು ಎಳೆದು ಇವೆರಡನ್ನೂ ಒಟ್ಟಿಗೆ ಸುಮ್ಮನಾಗಿಸೋಕೆ ಸಾಧ್ಯವಿಲ್ಲ. ಹಾಗಾಗಿ ಅಲ್ಲಿ ಸಿಮಿಲಾರಿಟಿ ಸಾಕು. ಅದೂ ಒಗ್ಗದಿದ್ದರೆ ಟ್ರಾನ್ಸ್‌ಲೇಶನ್‌ಗೆ ಇಳಿಯಿರಿ. ಅಡೋಬಿ ಪ್ರೀಮಿಯರ್ ಇರುವವರಿಗೂ ಇದೇ ಮಾತು, ವಾರ್ಪ್ ಸ್ಟೆಬಿಲೈಸರ್ ಹಾಕಿದಾಗ ಮೊದಲೇ ಸಬ್‌ಸ್ಪೇಸ್ ವಾರ್ಪ್ ಆಯ್ಕೆ ಆಗಿರುತ್ತೆ, ಅದನ್ನು ಪೊಸಿಶನ್, ಸ್ಕೇಲ್, ರೊಟೇಶನ್‌ಗೆ ಬದಲಿಸಿದರೆ ಜೆಲ್ಲಿ ಥರ ತೇಲೋದು ಎಷ್ಟೋ ಕಡಿಮೆ ಆಗುತ್ತೆ.

ಮುಖ ಕತ್ತರಿಸಿ ಹೋಗೋದು ಕ್ರಾಪಿಂಗ್ ರೇಶಿಯೋದಿಂದ. ಅದನ್ನು 1ರ ಹತ್ತಿರ ತಂದಷ್ಟೂ ಕತ್ತರಿಸುವುದು ಕಡಿಮೆ, ಆದರೆ ಅಲುಗಾಟವೂ ಅಷ್ಟಷ್ಟು ಉಳಿಯುತ್ತೆ. 1ಕ್ಕೆ ಇಟ್ಟರೆ ಏನೂ ಆಗಲ್ಲ. ಇದು ಕೊಡು ಕೊಳ್ಳು ವ್ಯವಹಾರ, ತಪ್ಪಿಸೋಕೆ ದಾರಿ ಇಲ್ಲ, ಯಾಕಂದ್ರೆ ಚಿತ್ರವನ್ನು ಎಡಕ್ಕೆ ಸರಿಸಿದರೆ ಬಲಗಡೆ ಖಾಲಿ ಜಾಗ ಬರಲೇಬೇಕು, ಅದನ್ನು ಮುಚ್ಚೋಕೆ ಚಿತ್ರ ಹಿಗ್ಗಿಸಲೇಬೇಕು. 720×576ರಲ್ಲಿ ಹಿಗ್ಗಿಸೋಕೆ ಜಾಸ್ತಿ ಏನೂ ಇಲ್ಲ. ಫೋನಿನಲ್ಲಿ 4ಕೆ ತೆಗೆದಿದ್ದರೆ ಅದು 3840×2160, ಕೊನೆಗೆ 1920×1080 ಫೈಲ್ ಮಾಡುವುದಾದರೆ ಧಾರಾಳವಾಗಿ ಕತ್ತರಿಸಬಹುದು. ಹಳೇ ಟೇಪ್‌ಗೆ ಕೈ ಬಿಗಿ ಹಿಡಿಯಬೇಕು.

ಒಂದೇ ಸೆಟ್ಟಿಂಗ್ ಇಡೀ ಟೇಪಿಗೆ ಹಾಕಬೇಡಿ. ಮೊದಲು ಶಾಟ್ ಶಾಟ್ ಆಗಿ ಕತ್ತರಿಸಿ. ಅಪ್ಪ ರೆಕಾರ್ಡ್ ನಿಲ್ಲಿಸಿ ಮತ್ತೆ ಶುರು ಮಾಡಿದ ಜಾಗವನ್ನು ಸಾಫ್ಟ್‌ವೇರ್ ಭಾರಿ ಅಲುಗಾಟ ಅಂದುಕೊಂಡರೆ ಆ ಸುತ್ತಮುತ್ತಲಿನ ಫ್ರೇಮ್‌ಗಳು ಕೆಡುತ್ತವೆ. ನಿಂತು ಜೂಮ್ ಮಾಡಿದ, ಕ್ಯಾಮೆರಾ ಎಲ್ಲಿಗೂ ತಿರುಗದ ಶಾಟ್‌ಗಳಿಗೆ ಕ್ಯಾಮೆರಾ ಲಾಕ್ ಹಾಕಿ, ಟ್ರೈಪಾಡ್ ಮೇಲೆ ಇಟ್ಟ ಹಾಗೆ ಕೂರುತ್ತೆ. ಕ್ಯಾಮೆರಾ ತಿರುಗುವ ಶಾಟ್‌ಗೆ ಅದನ್ನು ಹಾಕಿದರೆ ಚಿತ್ರ ಚೌಕಟ್ಟಿನ ಆಚೆ ಹೋಗಿಬಿಡುತ್ತೆ.

ಫೋನ್ ವಿಡಿಯೋ ಬೇರೆ ಜಾತಿ. ಫೋನಿನ ಸಿಮಾಸ್ ಸೆನ್ಸರ್ ಚಿತ್ರವನ್ನು ಮೇಲಿಂದ ಕೆಳಗೆ ಗೆರೆ ಗೆರೆಯಾಗಿ ಓದುತ್ತೆ, ಓದುತ್ತಿರುವಾಗಲೇ ಕೈ ಅಲುಗಾಡಿದರೆ ಆ ಫ್ರೇಮೇ ವಾರೆಯಾಗಿರುತ್ತೆ. ಇದೇ ರೋಲಿಂಗ್ ಶಟರ್. ಆ ಕಾಲದ ಕ್ಯಾಮ್‌ಕಾರ್ಡರ್‌ಗಳಲ್ಲಿ ಸಿಸಿಡಿ ಅನ್ನುವ ಬೇರೆ ಥರದ ಸೆನ್ಸರ್ ಇರುತ್ತಿತ್ತು, ಅದರಲ್ಲಿ ಈ ತೊಂದರೆ ಇಲ್ಲ, ಆ ಮಟ್ಟಿಗೆ ಅಪ್ಪನ ಟೇಪೇ ವಾಸಿ. ಫೋನಿನ ಫೈಲ್‌ಗಳಲ್ಲಿ ಫ್ರೇಮ್ ರೇಟ್ ಒಂದೇ ಸಮ ಇರಲ್ಲ, ಮೊದಲು ಹ್ಯಾಂಡ್‌ಬ್ರೇಕ್‌ನಲ್ಲಿ ಕಾನ್‌ಸ್ಟಂಟ್ ಫ್ರೇಮ್ ರೇಟ್‌ಗೆ ಬದಲಿಸಿಕೊಳ್ಳಿ. ಸಣ್ಣಪುಟ್ಟ ಕ್ಲಿಪ್‌ಗಾದರೆ ಇಷ್ಟೆಲ್ಲ ಬೇಡ, ಗೂಗಲ್ ಫೋಟೋಸ್ ಆ್ಯಪ್‌ನಲ್ಲಿ ಎಡಿಟ್ ಒತ್ತಿದರೆ ಸ್ಟೆಬಿಲೈಸ್ ಗುಂಡಿ ಸಿಗುತ್ತೆ, ಎಷ್ಟೋ ಸಲ ಅದೇ ಸಾಕಾಗುತ್ತೆ. ಜೈರೋಫ್ಲೋ ಅಂತ ಚೆನ್ನಾಗಿರುವ ಉಚಿತ ಸಾಫ್ಟ್‌ವೇರ್ ಇದೆ, ಆದರೆ ಅದಕ್ಕೆ ರೆಕಾರ್ಡ್ ಮಾಡುವಾಗಲೇ ಕ್ಯಾಮೆರಾದ ಜೈರೋ (ಅಲುಗಾಟ ಅಳೆಯುವ ಸೆನ್ಸರ್) ಮಾಹಿತಿ ಉಳಿದಿರಬೇಕು. ಹಳೇ ಟೇಪಿಗೆ ಅದು ಆಗಲ್ಲ.

ನಿಧಾನಗತಿ

ಲಿನಕ್ಸ್ ಬಳಸುವವರು, ಅಥವಾ ರಿಸಾಲ್ವ್ ಓಡದ ಕಂಪ್ಯೂಟರ್ ಇರುವವರು ಎಫ್‌ಎಫ್‌ಎಂಪೆಗ್ ಅನ್ನುವ ಉಚಿತ ಸಾಫ್ಟ್‌ವೇರ್ ಜೊತೆ ಅಲುಗಾಟ ತೆಗೆಯುವ ವಿಡ್‌ಸ್ಟ್ಯಾಬ್ ನೋಡಬಹುದು. ಕೆಡೆನ್‌ಲೈವ್, ಶಾಟ್‌ಕಟ್ ಎಂಬ ಎಡಿಟರ್‌ಗಳ ಒಳಗೂ ಇದೇ ಇರೋದು. ಎರಡು ಸುತ್ತು ಕೆಲಸ. ಮೊದಲ ಸುತ್ತಿನಲ್ಲಿ ಅಲುಗಾಟ ಅಳೆದು ಒಂದು ಫೈಲ್‌ನಲ್ಲಿ ಬರೆದಿಡುತ್ತೆ, ಎರಡನೇ ಸುತ್ತಿನಲ್ಲಿ ಅದನ್ನು ಓದಿ ಚಿತ್ರ ಸರಿಸುತ್ತೆ. ಸ್ಮೂದಿಂಗ್ 10 ಇಟ್ಟರೆ ಹಿಂದಿನ 10, ಮುಂದಿನ 10, ನಡುವಿನದು ಸೇರಿ 21 ಫ್ರೇಮ್ ನೋಡುತ್ತೆ. 50 ಫ್ರೇಮ್ ವಿಡಿಯೋಗೆ ಇದು ಅರ್ಧ ಸೆಕೆಂಡೂ ಆಗಲ್ಲ, ಹೆಜ್ಜೆಯ ಕುಣಿತ ಹಾಗೇ ಉಳಿಯುತ್ತೆ. 30ಕ್ಕೆ ಏರಿಸಿದರೆ 61 ಫ್ರೇಮ್, ಒಂದು ಸೆಕೆಂಡಿಗಿಂತ ಸ್ವಲ್ಪ ಜಾಸ್ತಿ. ನಡೆಯುವ ಶಾಟ್‌ಗೆ ಅಲ್ಲಿಂದ ಶುರು ಮಾಡಿ.

ತಾರೀಖಿಗೂ ಇದರಲ್ಲಿ ಒಂದು ದಾರಿ ಇದೆ. ವಿಡಿಯೋದ ಒಂದು ಪ್ರತಿ ಮಾಡಿ, ತಾರೀಖಿನ ಜಾಗವನ್ನು ಮಾತ್ರ ಚೆನ್ನಾಗಿ ಬ್ಲರ್ ಮಾಡಿ, ಮೊದಲ ಸುತ್ತನ್ನು ಆ ಪ್ರತಿಯ ಮೇಲೆ ಓಡಿಸಿ. ಮಂಜಾದ ಜಾಗದಲ್ಲಿ ಹಿಡಿದುಕೊಳ್ಳೋಕೆ ಏನೂ ಸಿಗಲ್ಲ, ಅದನ್ನು ಬಿಟ್ಟು ಉಳಿದದ್ದನ್ನು ಅಳೆಯುತ್ತೆ. ಎರಡನೇ ಸುತ್ತು ಬ್ಲರ್ ಇಲ್ಲದ ಫೈಲ್ ಮೇಲೆ. ಎರಡರ ಅಳತೆ, ಫ್ರೇಮ್ ಸಂಖ್ಯೆ ಒಂದೇ ಇರಬೇಕು ಅಷ್ಟೇ. ಆದರೆ ಒಂದು ತಿಳಿದಿರಲಿ, ಚಿತ್ರ ನಿಂತ ಮೇಲೆ ತಾರೀಖು ಕುಣಿಯೋಕೆ ಶುರುವಾಗುತ್ತೆ, ಯಾಕಂದ್ರೆ ಈಗ ಚಿತ್ರದ ಜೊತೆ ಅದನ್ನೂ ಸರಿಸುತ್ತಿದ್ದೀರಿ. ತಾರೀಖನ್ನು ಫೈಲಿನ ಹೆಸರಲ್ಲಿ ಬರೆದಿಟ್ಟುಕೊಂಡು ಆ ಮೂಲೆಯನ್ನು ಕ್ರಾಪ್ ಮಾಡೋದು ಒಳ್ಳೇದು.

ಇನ್ನೊಂದು ವಿಷಯ ಯಾರೂ ಹೇಳಲಿಲ್ಲ. ಮೋಷನ್ ಬ್ಲರ್. ಕತ್ತಲೆ ಕೋಣೆಯಲ್ಲಿ ತೆಗೆದ ಶಾಟ್ ಒಂದನ್ನು ಪೂರ್ತಿ ಸ್ಟೆಬಿಲೈಸ್ ಮಾಡಿ ನೋಡಿ. ಚಿತ್ರ ಕದಲದೆ ನಿಂತಿರುತ್ತೆ, ಮುಖ ಸ್ಪಷ್ಟವಾಗಿರುತ್ತೆ, ಇದ್ದಕ್ಕಿದ್ದ ಹಾಗೆ ಎರಡು ಮೂರು ಫ್ರೇಮ್ ಕಣ್ಣು ಮೂಗು ಎಲ್ಲ ಬಳಿದ ಹಾಗೆ ಮಂಜಾಗಿ ಮತ್ತೆ ಸ್ಪಷ್ಟವಾಗುತ್ತೆ. ಅಲುಗಾಡಿದ ಕ್ಷಣದಲ್ಲಿ ಶಟರ್ ತೆರೆದಿತ್ತು, ಆ ಮಸುಕು ಫ್ರೇಮಿನೊಳಗೇ ಸೇರಿಹೋಗಿದೆ. ಅಲುಗಾಟ ಇದ್ದಾಗ ಕಣ್ಣು ಅದನ್ನು ಒಪ್ಪಿಕೊಳ್ಳುತ್ತೆ, ಅಲುಗಾಟ ತೆಗೆದರೆ ಮಸುಕು ಎದ್ದು ಕಾಣುತ್ತೆ. ಇಂಥ ಕಡೆ ರಿಸಾಲ್ವ್‌ನಲ್ಲಾದರೆ ಸ್ಟ್ರೆಂತ್ ಇಳಿಸಿ, ಸ್ವಲ್ಪ ಅಲುಗಾಟ ಬಿಡಿ. ಅದೇ ಚೆನ್ನಾಗಿ ಕಾಣುತ್ತೆ. ಮನೆ ವಿಡಿಯೋದಲ್ಲಿ ಯಾರೋ ಕೈಯಲ್ಲಿ ಹಿಡಿದು ತೆಗೆದಿದ್ದಾರೆ ಅನ್ನೋದು ಗೊತ್ತಾಗಬೇಕು ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ. ತಲೆ ಸುತ್ತದಷ್ಟು ಸರಿಯಾದರೆ ಅಲ್ಲಿಗೆ ನಿಲ್ಲಿಸಿ.

ಮನೆವಿಡಿಯೋ

ಇಷ್ಟು ವಿವರವಾಗಿ ಬರೆದಿದ್ದಕ್ಕೆ ಮೂವರಿಗೂ ತುಂಬಾ ಥ್ಯಾಂಕ್ಸ್. ಒಂದು ಟೇಪ್ ಮೇಲೆ ಮಾಡಿ ನೋಡಿದೆ. ಏನೂ ಬದಲಾಗದ ಕ್ಲಿಪ್‌ಗಳಲ್ಲೆಲ್ಲ ತಾರೀಖು ಇತ್ತು, ಮೂಲೆ ಕ್ರಾಪ್ ಮಾಡಿ 50 ಫ್ರೇಮ್‌ಗೆ ಬದಲಿಸಿ ಹಾಕಿದರೆ ಮೊದಲ ಸಲಕ್ಕೇ ನಿಂತಿತು! ನಡೆಯುವ ಶಾಟ್‌ಗೆ ಸಿಮಿಲಾರಿಟಿ ಹಾಕಿದೆ, ಗೋಡೆ ಈಗ ನೆಟ್ಟಗಿದೆ. ಆದರೆ ಒಂದು ಶಾಟ್‌ನಲ್ಲಿ ತಂಗಿ ಕ್ಯಾಮೆರಾದ ಮುಂದೆಯೇ ಅಡ್ಡ ಓಡುತ್ತಾಳೆ, ಅವಳು ಬಂದ ತಕ್ಷಣ ಹಿಂದಿನ ಇಡೀ ಅಂಗಳವೇ ಒಂದು ಕಡೆ ಜಾರಿಬಿಡುತ್ತೆ. ಅದಕ್ಕೇನು ಮಾಡೋದು?

ಫ್ರೇಮ್‌ಹುಚ್ಚು

ಅವಳು ಚಿತ್ರದ ಬಹುಪಾಲು ತುಂಬಿಕೊಂಡಾಗ ಸಾಫ್ಟ್‌ವೇರ್ ಅವಳನ್ನೇ ಹಿನ್ನೆಲೆ ಅಂದುಕೊಳ್ಳುತ್ತೆ. ಅವಳು ಬರುವ ಮೊದಲು ಒಂದು ಕಟ್, ಹೋದ ಮೇಲೆ ಒಂದು ಕಟ್ ಹಾಕಿ. ಮೊದಲ ಮತ್ತು ಕೊನೆಯ ತುಂಡನ್ನು ಮಾತ್ರ ಸ್ಟೆಬಿಲೈಸ್ ಮಾಡಿ. ಮಧ್ಯದ ತುಂಡಿಗೆ ಏನೂ ಬೇಡ, ಆದರೆ ಅಕ್ಕಪಕ್ಕದ್ದು ಎಷ್ಟು ಹಿಗ್ಗಿದೆಯೋ ಅಷ್ಟೇ ಜೂಮ್ ಅದಕ್ಕೂ ಕೈಯಲ್ಲೇ ಕೊಡಿ, ಇಲ್ಲದಿದ್ದರೆ ಕಟ್ ಆಗುವಲ್ಲಿ ಚಿತ್ರ ಹಾರಿದ ಹಾಗೆ ಆಗುತ್ತೆ. ಸೇರುವ ಜಾಗದಲ್ಲಿ ಆಗಲೂ ಸ್ವಲ್ಪ ಜಿಗಿದರೆ ಪೊಸಿಶನ್‌ಗೆ ಒಂದೆರಡು ಕೀಫ್ರೇಮ್ (ಆಯಾ ಕ್ಷಣಕ್ಕೆ ಚಿತ್ರ ಎಲ್ಲಿರಬೇಕು ಅನ್ನುವ ಗುರುತು) ಹಾಕಿ ಸೇರಿಸಬಹುದು. ಮಗು ಓಡುವಾಗ ನೋಡುವವರ ಕಣ್ಣು ಮಗುವಿನ ಮೇಲೇ ಇರುತ್ತೆ, ಹಿನ್ನೆಲೆ ಅಲುಗಾಡಿದ್ದು ಯಾರಿಗೂ ಗೊತ್ತಾಗಲ್ಲ.

ಟೇಪ್‌ಪ್ರೇಮಿ

ಇಳಿಸಿಕೊಂಡ ಮೊದಲ ಫೈಲ್‌ಗಳನ್ನು ಮಾತ್ರ ಅಳಿಸಬೇಡಿ, ಇಂಟರ್‌ಲೇಸ್ ಇದ್ದ ಹಾಗೇ, ಕಪ್ಪು ಪಟ್ಟಿ, ತಾರೀಖು ಸಮೇತ ಇನ್ನೊಂದು ಡಿಸ್ಕ್‌ಗೂ ಹಾಕಿಡಿ. ಡಿಇಂಟರ್‌ಲೇಸ್ ಮಾಡುವ ವಿಧಾನಗಳು ಸುಧಾರಿಸುತ್ತಲೇ ಇವೆ, ಮುಂದೆ ಇನ್ನೂ ಚೆನ್ನಾಗಿ ಮಾಡಬೇಕು ಅನಿಸಿದಾಗ ಅಲ್ಲಿಂದಲೇ ಶುರು ಮಾಡಬೇಕಾಗುತ್ತೆ. ಟೇಪ್‌ಗಳನ್ನೂ ಎಸೆಯಬೇಡಿ, ತೇವ ಇಲ್ಲದ ಕಡೆ ನೆಟ್ಟಗೆ ನಿಲ್ಲಿಸಿ ಇಡಿ.